ಮಾದರಿಗೊಂದು ಹೆಸರು

ನಮ್ಮದು ಸಮಾಧಿ ಕಲ್ಲಿನ ಅಂಗಡಿ. ಮರ್ಫಿ ಟೌನಿನ ಮನೆಗಳು ಮುಗಿದು ಸ್ಮಶಾನದ ಗೋಡೆ ಶುರುವಾಗುವ ಕಡೆ ಒಂದು ತಗಡಿನ ಶೆಡ್ಡು, ಅದರ ಹಿಂದೆ ಕಲ್ಲು ಪೇರಿಸುವ ಅಂಗಳ. ಅಪ್ಪ ಕೆತ್ತುತ್ತಾರೆ, ನಾನು ಗಿರಾಕಿಗಳ ಹತ್ತಿರ ಮಾತಾಡುತ್ತೇನೆ. ಹೊಸಬರು ಯಾರಾದರೂ ಏನು ಕೆಲಸ ಎಂದು ಕೇಳಿದರೆ ಗ್ರಾನೈಟ್ ಬಿಸಿನೆಸ್ ಎನ್ನುತ್ತೇನೆ. ಅವರು ತಕ್ಷಣ ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಒಳ್ಳೆಯದು ಎಂದು ವಿಚಾರಿಸುತ್ತಾರೆ, ನಾನೂ ಗಂಭೀರವಾಗಿ ಸಲಹೆ ಕೊಡುತ್ತೇನೆ.

ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಬದುಕಿರುವವರ ಹೆಸರನ್ನು ಕಲ್ಲಿನ ಮೇಲೆ ಬರೆಯಬಾರದು. ಕೆತ್ತುವುದಂತೂ ದೂರದ ಮಾತು, ಸೀಮೆಸುಣ್ಣದಲ್ಲಿ ಕೂಡ ಗೀಚಬಾರದು. ಗಂಡ ಹೆಂಡತಿಗೆ ಒಂದೇ ಕಲ್ಲು ಬೇಕೆಂದು ಬರುವವರು ಕೆಲವರು, ಇಬ್ಬರ ಹೆಸರನ್ನೂ ಈಗಲೇ ಹಾಕಿಬಿಡಿ, ತಾರೀಖು ಆಮೇಲೆ ಸೇರಿಸಿದರಾಯಿತು ಎನ್ನುತ್ತಾರೆ. ಅಪ್ಪ ಉಳಿ ಕೆಳಗಿಟ್ಟು, "ಜಾಗ ಬಿಡ್ತೀನಿ. ಹೆಸರು ಹಾಕಲ್ಲ" ಎನ್ನುತ್ತಾರೆ. ಎಷ್ಟು ದೊಡ್ಡ ಗಿರಾಕಿಯಾದರೂ ಅಷ್ಟೇ. ಕೆ.ಆರ್. ಪುರದ ಕಡೆ ಲೇಸರ್ ಮೆಷಿನ್ ಇಟ್ಟುಕೊಂಡ ದೊಡ್ಡ ಶೋರೂಮುಗಳಲ್ಲಿ ಈ ರಗಳೆಯೆಲ್ಲ ಇಲ್ಲ, ಹೇಳಿದ್ದನ್ನು ಸಂಜೆಗೆ ಕೆತ್ತಿ ಕೊಡುತ್ತಾರೆ. ನಮ್ಮ ಗಿರಾಕಿಗಳು ಅತ್ತ ಸರಿಯುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು, ಹೇಳಲು ನಾಚಿಕೆಯಾದರೂ. ಅಮ್ಮ ತೀರಿಹೋಗಿ ಆರು ವರ್ಷವಾಗಿದ್ದರೂ ಅವಳ ಸಮಾಧಿಗೆ ಕಲ್ಲಿರಲಿಲ್ಲ. ಸ್ಮಶಾನದವರು ನೆಟ್ಟ ನಂಬರಿನ ಸಿಮೆಂಟ್ ತುಂಡು ಒಂದೇ. ನವೆಂಬರ್ ಎರಡನೇ ತಾರೀಖು ಕಲ್ಲರೆ ಹಬ್ಬ. ಮನೆಯಲ್ಲಿ ತಮಿಳು ಕನ್ನಡ ಎರಡನ್ನೂ ಕಲಸಿ ಆಡುವ ನಾವು ಸತ್ತವರ ಹಬ್ಬವನ್ನು ಹಾಗೆನ್ನುತ್ತೇವೆ. ಅವತ್ತು ಈ ಕಡೆಯ ಕ್ರೈಸ್ತರೆಲ್ಲ ಬಂದು ಸಮಾಧಿ ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಸಾಲು ಸಾಲು ಅಪ್ಪ ಕೆತ್ತಿದ ಹೆಸರುಗಳು. ಅವುಗಳ ನಡುವೆ ನಾವಿಬ್ಬರು ಒಂದು ನಂಬರಿಗೆ ಬತ್ತಿ ಹಚ್ಚಿ ವಾಪಸ್ ಬರುತ್ತಿದ್ದೆವು. ಕಲ್ಲು ಕೆತ್ತುವವನ ಹೆಂಡತಿಗೇ ಕಲ್ಲಿಲ್ಲ ಎಂದು ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಏಕೆ, ಒಬ್ಬ ದೊಡ್ಡಮ್ಮ ಮುಖಕ್ಕೇ ಹೇಳಿದ್ದಳು.

ಕೇಳಿದಾಗಲೆಲ್ಲ ಅಪ್ಪನ ಉತ್ತರ ಒಂದೇ. "ಮಾಡ್ತೀನಿ." ಬೇರೆಯವರ ಕೈಲಿ ಮಾಡಿಸೋಣ ಎಂದರೆ ಎದ್ದು ಹೊರಗೆ ಹೋಗುತ್ತಿದ್ದರು. ನನಗೆ ಅಪ್ಪನ ಮೇಲೆ ಹಳೆಯದೊಂದು ಸಿಟ್ಟೂ ಇತ್ತು. ಅಮ್ಮ ಮೊದಲ ಸಲ ಆಸ್ಪತ್ರೆ ಸೇರಿದಾಗ, ಸಂಬಂಧಿಕರಿಗೆಲ್ಲ ತಿಳಿಸಿಬಿಡಿ ಎಂದು ಡಾಕ್ಟರು ಹೇಳಿದ ಮೇಲೆ, ಮೂರು ದಿನ ಅಪ್ಪ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಅಂಗಡಿಯಲ್ಲಿದ್ದರು. ಅಮ್ಮ ಹೇಗೋ ಚೇತರಿಸಿಕೊಂಡು ಮನೆಗೆ ಬಂದಳು, ನಾಲ್ಕು ತಿಂಗಳು ಬದುಕಿ ಆಮೇಲೆ ಹೋದಳು. ಆ ಮೂರು ದಿನವನ್ನು ನಾನು ಮರೆತಿರಲಿಲ್ಲ. ಮರೆಯಲು ಮನಸ್ಸೂ ಇರಲಿಲ್ಲ.

ವೆಬ್‌ಸೈಟ್ ಮಾಡಿಸು ಎಂದು ನನ್ನ ತಲೆಗೆ ತುಂಬಿದವಳು ಪುಲಿಕೇಶಿನಗರದ ನನ್ನ ಸ್ಕೂಲ್ ಗೆಳತಿ. ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ, ಸೈಟಿನಿಂದಲೇ ಅವಳಿಗೆ ಆರ್ಡರ್ ಬರುತ್ತದೆ. ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ನನ್ನ ಹತ್ತಿರ ಕನ್ನಡದಲ್ಲಿ ರೇಗಿಸುತ್ತಾಳೆ.

"ಕೋಡಿಂಗ್ ಗೀಡಿಂಗ್ ಏನೂ ಬೇಡ ಗುರು. ಪ್ಲಾಟ್‌ಫಾರ್ಮ್ ಅಂತ ಇರ್ತಾವೆ, ಡಬ್ಬಿ ಡಬ್ಬಿ ಎಳ್ಕೊಂಡು ಜೋಡಿಸ್ತಾ ಹೋಗೋದು. ಮೂರು ತಗೋ, ಹದಿನೈದು ದಿನ ಫ್ರೀ ಟ್ರಯಲ್ ನೋಡು, ಇಷ್ಟ ಆದ್ದನ್ನ ಇಟ್ಕೋ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ನಿಂಗೆ ಒಂದೇ ಪ್ರಾಬ್ಲಮ್ಮು. ರಿವ್ಯೂ ಬರೆಯೋಕೆ ಗಿರಾಕಿ ವಾಪಸ್ ಬರಲ್ಲ" ಎಂದು ತನ್ನ ಜೋಕಿಗೆ ತಾನೇ ನಕ್ಕಳು.

ಅವಳು ಹೇಳಿದಂತೆ ಆಗಸ್ಟ್ ತಿಂಗಳಲ್ಲಿ ಮೂರು ಪ್ಲಾಟ್‌ಫಾರ್ಮ್ ಆರಿಸಿಕೊಂಡು ಕೂತೆ. ಮೂರೂ ಮೊದಲು ಕೇಳುವುದು ನಿಮ್ಮದು ಯಾವ ವ್ಯಾಪಾರ ಎಂದು. ಹೋಟೆಲ್, ಸಲೂನ್, ಯೋಗ, ಮದುವೆ, ನಾಯಿಮರಿ ಎಲ್ಲವೂ ಪಟ್ಟಿಯಲ್ಲಿದ್ದವು, ನಾವಿರಲಿಲ್ಲ. ಉಡುಗೊರೆ ಮತ್ತು ಅಲಂಕಾರ ಎಂಬುದನ್ನು ಒತ್ತಿದೆ. ನಿಮ್ಮ ಸಂತೋಷದ ಕ್ಷಣಗಳಿಗಾಗಿ ಎಂಬ ತಲೆಬರಹದೊಂದಿಗೆ ಬಲೂನಿನ ಚಿತ್ರ ಬಂತು. ಅದನ್ನು ತೆಗೆಯಲು ಅರ್ಧ ದಿನ ಹಿಡಿಯಿತು. ಒಂದನ್ನು ತಿಂಗಳ ಬಾಡಿಗೆಗೆ ಕೊಡುತ್ತಾರೆ, ಇನ್ನೊಂದನ್ನು ವರ್ಷದ ಲೆಕ್ಕದಲ್ಲಿ. ಬಿಟ್ಟು ಹೋಗುವಾಗ ನಾವು ಕಟ್ಟಿದ ಪುಟಗಳನ್ನು ಜೊತೆಗೆ ಒಯ್ಯುವ ಹಾಗಿಲ್ಲ.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಇದು ಎಷ್ಟು ವರ್ಷ ಇರುತ್ತೆ?"

"ದುಡ್ಡು ಕಟ್ಟೋವರೆಗೂ" ಎಂದೆ.

ಅವರು ಮೂಗು ಮುರಿದು ಒಳಗೆ ಹೋದರು.

ಮೂರರಲ್ಲೂ ಒಂದು ಸೌಲಭ್ಯವಿತ್ತು. ಕಪ್ಪು ಕಲ್ಲಿನ ಚಿತ್ರ ಇಟ್ಟರೆ, ನೋಡುವವರು ಹೆಸರು ಟೈಪ್ ಮಾಡಿದ ಕೂಡಲೇ ಆ ಹೆಸರು ಕಲ್ಲಿನ ಮೇಲೆ ಮೂಡುತ್ತದೆ. ಶೋರೂಮಿನವರ ಸೈಟಿನಲ್ಲೂ ಅದಿತ್ತು, ನಮಗೂ ಅದು ಬೇಕೇ ಬೇಕೆಂದು ನನ್ನ ಹಟ. ಪರೀಕ್ಷೆ ಮಾಡಲು ಒಂದು ಹೆಸರು ಬೇಕಲ್ಲ. ಬದುಕಿರುವವರದ್ದು ಹಾಕುವಂತಿಲ್ಲ. ಗಿರಾಕಿಗಳ ಮನೆಯ ಸತ್ತವರನ್ನು ಕೇಳದೆ ಕರೆತರುವುದೂ ಸರಿಯಲ್ಲ. ಬೆರಳು ತಾನಾಗಿ ಅಮ್ಮನ ಹೆಸರನ್ನು ಒತ್ತಿತು. ಅಜ್ಜನ ಹೆಸರು ಹಾಕಬಹುದಿತ್ತು, ಅದು ಎಷ್ಟೋ ದಿನದ ಮೇಲೆ ಹೊಳೆಯಿತು.

ಮೊದಲನೆಯದರಲ್ಲಿ ಒತ್ತಕ್ಷರ ಕೆಳಗೆ ಬರುವ ಬದಲು ಪಕ್ಕಕ್ಕೆ ಬಿದ್ದಿತ್ತು. ಎರಡನೆಯದರಲ್ಲಿ ಹೆಸರಿನ ಜಾಗದಲ್ಲಿ ಬರೀ ಚೌಕಗಳು. ಮೂರನೆಯದರಲ್ಲಿ ಅಮ್ಮ ಸರಿಯಾಗಿ ಬಂದಳು. ನಡುಮಧ್ಯೆ, ಬೆಳ್ಳಿ ಬಣ್ಣದಲ್ಲಿ, ನಿಜವಾಗಿ ಕೊರೆದ ಹಾಗೆ ಅಕ್ಷರದ ಅಂಚಿಗೆ ನೆರಳು ಕೂಡ ಇತ್ತು. ಆರು ವರ್ಷ ಬೇಡಿಕೊಂಡರೂ ಆಗದ್ದನ್ನು ಒಂದು ಹಾಳು ಫೋನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಡಿ ಮುಗಿಸಿತ್ತು.

ಹಿಂದೆ ಅಪ್ಪ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಬಗ್ಗಿ, ಕೆತ್ತಿದ ಗೆರೆಯ ಆಳ ನೋಡುವಾಗ ಮಾಡುವಂತೆ ತೋರುಬೆರಳನ್ನು ಅಮ್ಮನ ಹೆಸರಿನ ಮೇಲೆ ಇಟ್ಟು ಸವರಿದರು. ಬೆರಳು ತಾಗಿದ್ದಕ್ಕೆ ಪುಟ ಮೇಲಕ್ಕೆ ಸರಿದು ಹೆಸರು ಮಾಯವಾಯಿತು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. "ಎಲ್ಲಿ ಹೋಯ್ತು?" ಎಂದು ಕೇಳಿದರು. ನಾನು ಮತ್ತೆ ಕೆಳಗೆ ಎಳೆದು ತೋರಿಸುವ ಹೊತ್ತಿಗೆ ಅವರು ಅಲ್ಲಿರಲಿಲ್ಲ.

ಮೂರನೆಯದನ್ನೇ ಇಟ್ಟುಕೊಳ್ಳುವುದೆಂದು ಹೆಚ್ಚುಕಡಿಮೆ ನಿರ್ಧರಿಸಿದೆ. ಆರ್ಡರ್ ಹೇಗೆ ಬರುತ್ತದೆಂದು ನೋಡಲು ನಾನೇ ಗಿರಾಕಿಯಂತೆ ಕಲ್ಲು ಆರಿಸಿ, ಅಮ್ಮನ ಹೆಸರು ಹಾಕಿ, ಅಂಗಡಿಯ ನಂಬರ್ ಕೊಟ್ಟು, ದುಡ್ಡು ಕಟ್ಟುವ ಪುಟದವರೆಗೆ ಹೋಗಿ ಅಲ್ಲಿಗೆ ನಿಲ್ಲಿಸಿದೆ. ಅಂಗಡಿಯ ನಂಬರ್ ಎಂದರೆ ಅಪ್ಪನ ಜೇಬಿನಲ್ಲಿರುವ ಫೋನು. ಟ್ರಯಲ್ ಸೈಟನ್ನು ಎಲ್ಲರಿಗೂ ಕಾಣುವಂತೆ ತೆರೆದೂ ಇಟ್ಟೆ, ಎಷ್ಟು ಜನ ಬರುತ್ತಾರೋ ನೋಡೋಣವೆಂದು.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪನ ಫೋನಿಗೆ ಮೆಸೇಜ್ ಬಂತು. ನಮಸ್ಕಾರ ಎಂದಿತ್ತು, ಮುಂದೆ ಅಮ್ಮನ ಹೆಸರು. ನೀವು ಆರಿಸಿದ ಕಲ್ಲು ಇನ್ನೂ ನಿಮಗಾಗಿ ಕಾಯುತ್ತಿದೆ, ಒಂದೇ ಹೆಜ್ಜೆ ಬಾಕಿ, ಎಂದು ಇಂಗ್ಲಿಷಿನಲ್ಲಿ.

ಹೆಸರು ಟೈಪ್ ಮಾಡಿದವರೇ ಕಲ್ಲು ಕೊಳ್ಳುವವರು ಎಂದು ಆ ಪ್ಲಾಟ್‌ಫಾರ್ಮ್ ತಿಳಿದುಕೊಂಡಿತ್ತು. ಉಡುಗೊರೆ ಅಂಗಡಿಗೆ ಅದು ಸರಿಯೇ. ತನ್ನ ಹೆಸರಿನ ಲೋಟವನ್ನು ತಾನೇ ಕೊಳ್ಳುವವರಿರುತ್ತಾರೆ. ನಮ್ಮ ಅಂಗಡಿಯಲ್ಲಿ ಹೆಸರಿನವರು ಬೇರೆ, ಬರುವವರು ಬೇರೆ ಎಂದು ಅದಕ್ಕೆ ಹೇಳಿದವರು ಯಾರು. ಗೆಳತಿಗೆ ಫೋನ್ ಮಾಡಿದರೆ, "ಅದೇ ಆ ಪ್ಲಾಟ್‌ಫಾರ್ಮ್‌ದು ಬೆಸ್ಟ್ ಫೀಚರ್ ಕಣೇ. ಅರ್ಧಕ್ಕೆ ಬಿಟ್ಟು ಹೋದೋರನ್ನ ಜ್ಞಾಪಿಸಿ ಕರ್ಕೊಂಡ್ ಬರುತ್ತೆ" ಎಂದಳು. ಯಾರ ಹೆಸರಿಗೆ ಬರುತ್ತಿದೆಯೆಂದು ಹೇಳಿದಾಗ ಅವಳ ನಗು ನಿಂತುಹೋಯಿತು. "ಆಫ್ ಮಾಡ್ಬಿಡು" ಎಂದಳು ಮೆಲ್ಲಗೆ.

ಆಫ್ ಮಾಡಲು ಹೊರಟರೆ ಅಪ್ಪ ಬಿಡಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದರೆ ಜೀವನವಿಡೀ ಇಂಗ್ಲಿಷ್ ಅಕ್ಷರ ಕೆತ್ತಿದ ಕಣ್ಣು. ಮೆಸೇಜನ್ನು ಅಕ್ಷರ ಅಕ್ಷರವಾಗಿ ಓದಿಕೊಂಡು, ಅರ್ಥವನ್ನು ನನ್ನಿಂದ ಹೇಳಿಸಿಕೊಂಡಿದ್ದರು. "ನಿಲ್ಲಿಸ್ಬೇಡ. ಬರ್ಲಿ" ಎಂದರು. ದಿನಾ ಹತ್ತು ಗಂಟೆಗೆ ಫೋನ್ ಟಿಂಗ್ ಎನ್ನುವುದು, ಅಪ್ಪ ಉಳಿ ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದುವುದು. ನಿಮ್ಮ ಕಲ್ಲು ಕಾಯುತ್ತಿದೆ. ನಿಮ್ಮನ್ನು ಮರೆತಿಲ್ಲ. ಬೇಗ ಮುಗಿಸಿ. ನನಗೆ ಹೆದರಿಕೆಯಾಗತೊಡಗಿತು. ಇದು ಮೆಷಿನ್ ಎಂದು ಗೊತ್ತಿದ್ದೂ ಹತ್ತು ಗಂಟೆಯಾಗುತ್ತಿದ್ದಂತೆ ಏನಾದರೊಂದು ನೆಪ ಮಾಡಿ ಶೆಡ್ಡಿನಿಂದ ಹೊರಗೆ ಹೋಗುತ್ತಿದ್ದೆ. ಅಮ್ಮ ಬದುಕಿದ್ದಾಗ ಏನನ್ನೂ ಎರಡು ಸಲ ಕೇಳಿದವಳಲ್ಲ. ಸತ್ತ ಮೇಲೆ ದಿನಾ ಕೇಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಮಧ್ಯಾಹ್ನ ಶೆಡ್ಡಿನಲ್ಲಿ ಊಟಕ್ಕೆ ಕೂತಿದ್ದಾಗ ಅಪ್ಪನ ಫೋನ್ ಬಡಿದುಕೊಂಡಿತು. ಕೈ ಎಂಜಲಾಗಿತ್ತು, ಅಪ್ಪ ಸ್ಪೀಕರ್ ಹಾಕಿದರು. ಇಂದಿರಾನಗರದ ಕಡೆಯ ಒಬ್ಬ ಹೆಂಗಸು. ದನಿ ತುಂಬ ಸಣ್ಣಗಿತ್ತು.

"ನಿಮ್ಮ ವೆಬ್‌ಸೈಟಲ್ಲಿ ಕಲ್ಲಿನ ಮೇಲೆ ಹೆಸರು ಹಾಕಿ ನೋಡೋದಿದೆಯಲ್ಲ, ಅದರಲ್ಲಿ ನಮ್ಮ ಯಜಮಾನ್ರ ಹೆಸರು ಹಾಕ್ಬಿಟ್ಟೆ."

"ಹೇಳಿ ಮೇಡಂ, ಯಾವ ಸೈಜ್ ಬೇಕಿತ್ತು?" ಎಂದೆ ನಾನು, ದೊಡ್ಡ ವ್ಯಾಪಾರಿಯಂತೆ.

"ಇಲ್ಲ, ಅವರು ಇನ್ನೂ ಇದ್ದಾರೆ. ಐಸಿಯುನಲ್ಲಿ. ಹೊರಗೆ ಕೂತು ಕೂತು ತಲೆ ಕೆಟ್ಟು ಏನೋ ನೋಡೋಕೆ ಹೋಗಿ ಹಾಕ್ಬಿಟ್ಟೆ. ಅದನ್ನ ಅಳಿಸೋದು ಹೇಗೆ ಹೇಳ್ತೀರಾ?"

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. ಅದು ಎಲ್ಲೂ ಉಳಿಯುವುದಿಲ್ಲ, ಪುಟ ಮುಚ್ಚಿದರೆ ಹೋಗುತ್ತದೆ ಎಂದೆ. "ಖಂಡಿತ ಹೋಗುತ್ತಾ?" ಎಂದಳು. ಖಂಡಿತ ಎಂದೆ. ನನಗೆ ಖಂಡಿತ ಗೊತ್ತಿರಲಿಲ್ಲ. ಅವಳು ಇನ್ನೂ ಎರಡು ಸಲ ಅದನ್ನೇ ಕೇಳಿ ಫೋನ್ ಇಟ್ಟಳು.

ನಾನು ಸಾರು ಬಡಿಸಲು ಹೋದರೆ ಅಪ್ಪ ಬೇಡವೆಂದು ತಲೆಯಾಡಿಸಿದರು. ಗೋಡೆಯನ್ನು ನೋಡುತ್ತ ಮಾತಾಡಿದರು.

"ಅವಳದ್ದು ಪರವಾಗಿಲ್ಲ. ಮುಚ್ಚಿದ್ರೆ ಹೋಗುತ್ತೆ. ನಾನು ಕೊರೆದ್ಬಿಟ್ಟೆ."

ಏನು ಎಂದು ನನಗೆ ಅರ್ಥವಾಗಲಿಲ್ಲ.

"ನಿಮ್ಮಮ್ಮ ಆಸ್ಪತ್ರೇಲಿದ್ದಾಗ. ಡಾಕ್ಟ್ರು ಎಲ್ಲರಿಗೂ ಹೇಳಿ ಅಂದ್ರಲ್ಲ, ಆ ಮೂರು ದಿನ. ಅಲ್ಲಿ ಕೈ ಕಟ್ಕೊಂಡು ಕೂರೋಕೆ ನನ್ನಿಂದ ಆಗ್ಲಿಲ್ಲ. ಇಲ್ಲಿಗೆ ಬಂದೆ, ಒಳ್ಳೆ ಕಪ್ಪು ಕಲ್ಲು ಒಂದಿತ್ತು. ಅವಳಿಗೆ ಚೆನ್ನಾಗಿ ಮಾಡ್ಬೇಕು, ಆತುರದಲ್ಲಿ ಮಾಡ್ಬಾರ್ದು ಅಂತ ಶುರು ಮಾಡ್ದೆ. ಮೂರನೇ ದಿನ ಹೆಸರು ಮುಗೀತು. ಅವತ್ತೇ ನೀನು ಫೋನ್ ಮಾಡಿ, ಅಮ್ಮ ಕಣ್ಣು ಬಿಟ್ಟು ಮಾತಾಡಿದ್ಲು ಅಂದೆ."

ಕಲ್ಲನ್ನು ಒಡೆಯಲು ಕೈ ಬರಲಿಲ್ಲವಂತೆ. ಹೆಸರಿರುವ ಕಲ್ಲು ಒಡೆಯುವುದು ಬರೆಯುವುದಕ್ಕಿಂತ ಕೆಟ್ಟದ್ದು. ಹಿಂದಿನ ಅಂಗಳದಲ್ಲಿ ಗೋಡೆಗೆ ಒರಗಿಸಿ, ಗೋಣಿಚೀಲ ಹೊದಿಸಿ, ಮುಂದೆ ಬೇರೆ ಕಲ್ಲುಗಳನ್ನು ಜೋಡಿಸಿದ್ದಾರೆ. ಅಮ್ಮ ಮನೆಗೆ ಬಂದು ಮೂರು ತಿಂಗಳಾದ ಮೇಲೆ, ಕಾಲಲ್ಲಿ ಶಕ್ತಿ ಬಂತೆಂದು ಒಂದು ಮಧ್ಯಾಹ್ನ ತಾನೇ ಕ್ಯಾರಿಯರ್ ಹಿಡಿದುಕೊಂಡು ಅಂಗಡಿಗೆ ಬಂದಿದ್ದಾಳೆ. ಅಪ್ಪ ಮುಂದೆ ಯಾರ ಹತ್ತಿರವೋ ಮಾತಾಡುತ್ತಿದ್ದರು. ಕೈ ತೊಳೆಯಲು ಹಿಂದೆ ಹೋದವಳು ಬರಲಿಲ್ಲವೆಂದು ಹೋಗಿ ನೋಡಿದರೆ ಗೋಣಿಚೀಲ ಕೆಳಗೆ ಬಿದ್ದಿತ್ತು.

"ಅತ್ತಳಾ?" ಎಂದು ಕೇಳಿದೆ.

"ಇಲ್ಲ. ಸೆರಗಲ್ಲಿ ಧೂಳು ಒರೆಸ್ತಿದ್ಲು. ಅಕ್ಷರ ಚೆನ್ನಾಗಿ ಬಂದಿದೆ ಅಂದ್ಲು. ಆಮೇಲೆ, ಕೆಳಗೆ ಇಷ್ಟೊಂದು ಜಾಗ ಯಾಕೆ ಬಿಟ್ಟಿದ್ದೀರಾ ಅಂತ ಕೇಳಿದ್ಲು. ನನಗೆ ಅಂದೆ. ಹಂಗಾದ್ರೆ ಸರಿ ಅಂದ್ಲು. ಊಟ ಬಡಿಸಿದ್ಲು."

ಅದಾಗಿ ಒಂದು ತಿಂಗಳಿಗೆ ಅಮ್ಮ ಹೋದಳು.

"ನಾನು ಬರೆದಿದ್ದಕ್ಕೇ ಹೋದ್ಲು" ಎಂದರು ಅಪ್ಪ. ಬೇರೆ ಯಾರದ್ದೋ ವಿಷಯ ಹೇಳುವಂತೆ, ದನಿ ಏರಿಸದೆ.

ಹಾಗಲ್ಲ ಎಂದು ಹೇಳಬೇಕಿತ್ತು. ಅಮ್ಮನ ಕಾಯಿಲೆಗೆ ಹೆಸರಿತ್ತು, ರಿಪೋರ್ಟುಗಳಿದ್ದವು, ಎಲ್ಲ ಮನೆಯಲ್ಲಿ ಫೈಲಿನಲ್ಲಿವೆ. ಆದರೆ ಮೊದಲು ಬಂದದ್ದು ಸಿಟ್ಟು. ಆರು ವರ್ಷ ನನಗೇಕೆ ಹೇಳಲಿಲ್ಲ ಎಂದು ಇಬ್ಬರ ಮೇಲೂ ಸಿಟ್ಟು. ಅಮ್ಮ ಆ ಸಂಜೆ ಕಲ್ಲನ್ನು ನೋಡಿ ಬಂದವಳು ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿದಿರಬೇಕು, ನನ್ನಿಂದ ತಲೆಗೆ ಎಣ್ಣೆ ಹಚ್ಚಿಸಿಕೊಂಡಿರಬೇಕು. ಯಾವ ಸಂಜೆಯೆಂದು ಎಷ್ಟು ನೆನೆದರೂ ನನಗೆ ಹೊಳೆಯುವುದಿಲ್ಲ. ಅವಳು ನಗುತ್ತಿದ್ದ ಸಂಜೆಗಳೆಲ್ಲ ಈಗ ನನಗೆ ಅನುಮಾನ. ಮೂರು ದಿನ ಅಪ್ಪ ಅಂಗಡಿಯಲ್ಲಿ ಏನು ಮಾಡುತ್ತಿದ್ದರು ಎಂದು ಒಂದು ಸಲವಾದರೂ ನೆಟ್ಟಗೆ ಕೇಳಿದ್ದೆನೇ ಎಂಬುದೂ ನೆನಪಾಯಿತು. ಕೇಳಿರಲಿಲ್ಲ. ಚುಚ್ಚಿದ್ದೆ ಅಷ್ಟೇ.

ಅದೇ ಮಧ್ಯಾಹ್ನ ಇಬ್ಬರೂ ಸೇರಿ ಮುಂದಿನ ಕಲ್ಲುಗಳನ್ನು ಸರಿಸಿದೆವು. ಗೋಣಿಚೀಲ ಕೈ ತಾಗಿದಲ್ಲೇ ಪುಡಿಯಾಯಿತು. ಅಮ್ಮನ ಹೆಸರು ಫೋನಿನಲ್ಲಿ ಕಂಡದ್ದಕ್ಕಿಂತ ಸಣ್ಣದಾಗಿತ್ತು, ಹೊಳಪಿರಲಿಲ್ಲ. ನಾನು ಬೆರಳಿಟ್ಟೆ. ಅದು ಸರಿಯಲಿಲ್ಲ.

"ಇಡೋಣ್ವಾ?" ಎಂದು ಅಪ್ಪ ಕೇಳಿದರು. ತಪ್ಪು ಮಾಡಿದವರು ಕೇಳುವಂತೆ ಕೇಳಿದರು. ನಾನು ಹೂಂ ಎಂದೆ. ಅವಳು ನೋಡಿ ಒಪ್ಪಿದ ಕಲ್ಲು ಇದೊಂದೇ, ಬೇರೆ ಇಟ್ಟರೆ ಅವಳಿಗೆ ಗೊತ್ತಿಲ್ಲದ ಕಲ್ಲಾಗುತ್ತದೆ ಎಂದೆ. ಅಪ್ಪ ಅಲ್ಲೇ ಕಲ್ಲಿನ ಪುಡಿಯಲ್ಲಿ ಕೂತು ಅತ್ತರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತೆ.

ತಾರೀಖನ್ನು ಅಪ್ಪನೇ ಕೆತ್ತಿದರು, ಎರಡು ದಿನ ಹಿಡಿಯಿತು. ಕಲ್ಲರೆ ಹಬ್ಬಕ್ಕೆ ಇನ್ನೂ ವಾರಗಳಿದ್ದಾಗಲೇ ಕಲ್ಲು ನೆಟ್ಟೆವು. ಸ್ಮಶಾನದವರು ನಂಬರಿನ ತುಂಡನ್ನು ಕಿತ್ತು ಗೋಡೆಯ ಹತ್ತಿರ ಎಸೆದರು. ಅಮ್ಮನ ಹೆಸರಿನ ಕೆಳಗೆ ಒಂದು ಮೊಳ ಕಪ್ಪು ಜಾಗ ಖಾಲಿ. ಅದನ್ನು ನೋಡದೆ ಹೆಸರನ್ನು ಮಾತ್ರ ನೋಡಲು ಪ್ರಯತ್ನಿಸಿದೆ, ಆಗಲಿಲ್ಲ.

ವೆಬ್‌ಸೈಟಿನ ವಿಷಯ ಹೇಳುವುದಾದರೆ, ಮೂರನೆಯದನ್ನು ಬಿಟ್ಟೆ. ಈಗಿರುವುದು ನಾಲ್ಕನೆಯ ಒಂದು ಸಾಧಾರಣ ಪ್ಲಾಟ್‌ಫಾರ್ಮ್. ಒಂದೇ ಪುಟ. ಅಂಗಡಿಗೆ ಬರುವ ದಾರಿ, ಫೋನ್ ನಂಬರ್, ಹೆಸರಿಲ್ಲದ ಆರು ಕಲ್ಲುಗಳ ಫೋಟೋ. ಹೆಸರು ಟೈಪ್ ಮಾಡುವ ಜಾಗ ಎಲ್ಲೂ ಇಲ್ಲ, ಯಾರನ್ನೂ ಜ್ಞಾಪಿಸಿ ಕರೆಯುವ ಮೆಸೇಜೂ ಇಲ್ಲ. "ಇದೇನು ಗುರು, ವಿಸಿಟಿಂಗ್ ಕಾರ್ಡಿಗಿಂತ ಬಡವಾಗಿದೆ" ಎಂದಳು ಗೆಳತಿ. ಹಾಗೇ ಇರಲಿ ಎಂದೆ. ಹಳೆಯ ಖಾತೆಯನ್ನು ಅಳಿಸಲು ಹೋದಾಗ, ಗಿರಾಕಿಗಳ ಪಟ್ಟಿಯಲ್ಲಿದ್ದ ಅಮ್ಮನ ಹೆಸರಿನ ಕೆಳಗೆ, ಇವರನ್ನು ಶಾಶ್ವತವಾಗಿ ತೆಗೆದುಹಾಕಬೇಕೆ ಎಂದು ಕೇಳಿತು. ಒತ್ತಲಿಲ್ಲ. ಮೆಸೇಜುಗಳು ದಿನಕ್ಕೊಂದು ಇದ್ದದ್ದು ವಾರಕ್ಕೊಂದಾಗಿ, ಆಮೇಲೆ ತಾವಾಗಿಯೇ ನಿಂತವು. ಇಂದಿರಾನಗರದ ಆ ಹೆಂಗಸು ಮತ್ತೆ ಫೋನ್ ಮಾಡಲಿಲ್ಲ. ಅದನ್ನು ಒಳ್ಳೆಯ ಸುದ್ದಿಯೆಂದೇ ಇಟ್ಟುಕೊಂಡಿದ್ದೇನೆ.

ಹಬ್ಬ ಮುಗಿದ ಮೇಲೆ ಅಪ್ಪ ಒಂದು ದಿನ ನನ್ನ ಕೈಗೆ ಉಳಿ ಕೊಟ್ಟರು. "ಕಲ್ತ್ಕೋ. ಮೆಷಿನ್‌ಗೆ ಕೊಡ್ಬೇಡ" ಎಂದರು. ಏನನ್ನು ಕೊಡಬಾರದು ಎಂದು ನನಗೆ ಆಗ ತಿಳಿಯಲಿಲ್ಲ. ದಿನಾ ಬೆಳಿಗ್ಗೆ ಒಂದು ಗಂಟೆ ಪಾಠ. ತುಂಡು ಕಲ್ಲಿನ ಮೇಲೆ ಬಿಡಿ ಬಿಡಿಯಾಗಿ ಒಂದೊಂದೇ ಅಕ್ಷರ. ಒಂದು ಅಕ್ಷರ ಕೈಗೆ ಕೂತ ಮೇಲೆಯೇ ಮುಂದಿನದು. ವರ್ಣಮಾಲೆಯ ಕ್ರಮದಲ್ಲಿ ಕಲಿಸುತ್ತಿರಲಿಲ್ಲ, ಅಲ್ಲೊಂದು ಇಲ್ಲೊಂದು ಕೊಡುತ್ತಿದ್ದರು. ಮೂರು ಅಕ್ಷರ ಮುಗಿದಾಗ ನನಗೆ ಗೊತ್ತಾಯಿತು. ಎಲ್ಲವೂ ಅವರ ಹೆಸರಿನವು, ಹಿಂದು ಮುಂದಾಗಿ. ಕಟ್ಟಳೆಯನ್ನು ಮತ್ತೊಮ್ಮೆ ಮುರಿಯದೆ ಅವರು ತಮ್ಮ ಹೆಸರನ್ನು ನನ್ನ ಕೈಗೆ ಕಲಿಸುತ್ತಿದ್ದರು.

ಈಗ ಉಳಿದಿರುವುದು ಒಂದೇ ಅಕ್ಷರ. ಕಷ್ಟದ್ದೇನಲ್ಲ, ಒಂದು ಗುಂಡು, ಒಂದು ಕೊಂಬು. ಪ್ರತಿ ದಿನ ನಾನು ಕೊಂಬಿನ ಹತ್ತಿರ ಉಳಿಯನ್ನು ಬೇಕೆಂದೇ ಜಾರಿಸುತ್ತೇನೆ. ಐವತ್ತು ವರ್ಷ ಕಲ್ಲು ಕೆತ್ತಿದ ಮನುಷ್ಯನಿಗೆ ಅದು ತಿಳಿಯದೆ ಇರುವುದಿಲ್ಲ. ಅಪ್ಪ ಕನ್ನಡಕ ತೆಗೆದು, ಜಾರಿದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ನಾಳೆ ನೋಡೋಣ" ಎನ್ನುತ್ತಾರೆ.